ಒಲೆ ಇದೆಯೇ? ಕೆ.ಆರ್. ಮಾರುಕಟ್ಟೆ ಸುತ್ತಿನ ಒಂದು ರಾತ್ರಿಯೂಟದ ಪ್ರಕರಣ ಅಧ್ಯಯನ

ಭಾನುವಾರ ರಾತ್ರಿ ಎಂಟೂಕಾಲು. ಬೆಂಗಳೂರಿನ ಕಲಾಸಿಪಾಳ್ಯ ಬಸ್ ನಿಲ್ದಾಣದ ಹತ್ತಿರ ಒಂದು ವ್ಯಾನು ನಿಲ್ಲುತ್ತದೆ. ಒಳಗೆ ಗೋಣಿಚೀಲದಲ್ಲಿ 150 ಪಲಾವ್ ಪೊಟ್ಟಣ. ಹಿಂಬಾಗಿಲು ತೆರೆದದ್ದೇ ತಡ, ಬಸ್ಸಿಗೆ ಕಾಯುತ್ತಿದ್ದವರು, ಆಟೋದವರು, ಅಂಗಡಿ ಹುಡುಗರು ಮುಗಿಬೀಳುತ್ತಾರೆ. ಹತ್ತು ನಿಮಿಷದಲ್ಲಿ 70 ಪೊಟ್ಟಣ ಖಾಲಿ, ವ್ಯಾನಿನ ಒಂದು ಕನ್ನಡಿ ಒಡೆದು ಚೂರು. ಹೆದರಿ ವ್ಯಾನನ್ನು ಮಾರುಕಟ್ಟೆಯ ಮೇಲ್ಸೇತುವೆ ಕೆಳಗೆ ತಂದರೆ ಅಲ್ಲಿ ಆಗಲೇ ಇನ್ಯಾರೋ ಬಿರಿಯಾನಿ ಹಂಚಿ ಹೋಗಿದ್ದಾರೆ. ಕೈಗೆ ಕೊಟ್ಟದ್ದನ್ನು ಜನ ಬೇಡವೆನ್ನದೆ ಪಕ್ಕಕ್ಕೆ ಇಟ್ಟುಕೊಳ್ಳುತ್ತಾರೆ. 40 ಪೊಟ್ಟಣ ವಾಪಸ್ ಮನೆಗೆ. ಒಂಬತ್ತು ದಾಟಿ ಅಂಗಡಿಗಳ ಶಟರ್ ಇಳಿದ ಮೇಲೆ ಜಗಲಿಗೆ ಮಲಗಲು ಬರುವವರು ಬಂದಾಗ ವ್ಯಾನು ಇಲ್ಲ. ಬೆಳಿಗ್ಗೆ ಅದೇ ಜಗಲಿಯ ಮುಂದೆ ಹಳಸಿದ ಅನ್ನ, ಹರಿದ ಫಾಯಿಲ್ ಕವರು, ನಾಯಿ. ಅಂಗಡಿಯವರು ಬೈಯುವುದು ರಾತ್ರಿ ಅಲ್ಲಿ ಮಲಗಿದ್ದವರನ್ನೇ.

ಈ ಪ್ರಕರಣ ಒಂದೇ ಬಳಗದ ಕಥೆಯಲ್ಲ. ಚಾಮರಾಜಪೇಟೆ, ಬಸವನಗುಡಿ ಕಡೆಯಿಂದ ವಾರಕ್ಕೊಮ್ಮೆ ಊಟ ಕಟ್ಟಿಕೊಂಡು ಬರುವ ಬಳಗಗಳಲ್ಲಿ ಪದೇಪದೇ ಕಾಣುವುದನ್ನು ಒಂದೆಡೆ ಜೋಡಿಸಿ, ಹದಿನೈದಿಪ್ಪತ್ತು ಜನರ ಒಂದೇ ಬಳಗಕ್ಕೆ ಹೊಂದಿಸಿ ಬರೆದದ್ದು. ಅಳತೆಗಳು ಮಾತ್ರ ನೇರವಾಗಿ ಬಳಸಬಹುದಾದವು.

ಬಳಗದವರ ಮೊದಲ ತೀರ್ಮಾನ ಹೀಗಿತ್ತು: "ಇಲ್ಲಿ ಊಟ ಸಾಕಷ್ಟಿದೆ, ಬೇರೆ ಕಡೆ ಹೋಗೋಣ." ಅದು ಅರ್ಧ ಸತ್ಯ. ಮಾರುಕಟ್ಟೆಯ ಈ ಸುತ್ತಿನಲ್ಲಿ ಕೆಲವು ದಿನ ಊಟ ಅತಿಯಾಗುತ್ತದೆ. ನವೆಂಬರ್ 1ರ ರಾಜ್ಯೋತ್ಸವ, ಏಪ್ರಿಲ್ 24ರ ರಾಜ್‌ಕುಮಾರ್ ಹುಟ್ಟುಹಬ್ಬ, ಮಾರ್ಚ್ 17ರ ಪುನೀತ್ ಹುಟ್ಟುಹಬ್ಬ, ಶ್ರೀರಾಮನವಮಿ, ಹನುಮ ಜಯಂತಿ, ಅಮಾವಾಸ್ಯೆ, ಶನಿವಾರ. ಅಂಥ ದಿನ ಒಬ್ಬನಿಗೇ ನಾಲ್ಕು ಕಡೆಯಿಂದ ಚಿತ್ರಾನ್ನ ಸಿಗುತ್ತದೆ. ಮಳೆ ಬಿದ್ದ ಒಂದು ಮಂಗಳವಾರ ಯಾರೂ ಬರುವುದಿಲ್ಲ. ಮನೆಯಿರುವವರು ಉಳಿದದ್ದನ್ನು ಫ್ರಿಜ್ಜಿಗೆ ಇಡುತ್ತಾರೆ. ಜಗಲಿಯಲ್ಲಿ ಮಲಗುವವನಿಗೆ ಶನಿವಾರದ ನಾಲ್ಕು ಊಟ ಮಂಗಳವಾರಕ್ಕೆ ಬರುವುದಿಲ್ಲ. ಹಾಗಾಗಿ ಇಂಥ ಕೆಲಸದಲ್ಲಿ ಮೊದಲು ಸರಿಮಾಡಬೇಕಾದದ್ದು ಪ್ರಮಾಣವನ್ನಲ್ಲ. ಯಾರಿಗೆ, ಎಷ್ಟು ಹೊತ್ತಿಗೆ, ಯಾವ ರೂಪದಲ್ಲಿ ಎಂಬುದನ್ನು.

ಮೊದಲ ಎಣಿಕೆ: ಊಟ ಒಯ್ಯದೆ ಮೂರು ರಾತ್ರಿ

ಎರಡನೇ ವಾರ ಬಳಗ ಅಡುಗೆ ಮಾಡಲಿಲ್ಲ. ಇಬ್ಬಿಬ್ಬರಂತೆ ಮೂರು ರಾತ್ರಿ ಬರಿಗೈಲಿ ನಡೆದರು: ಒಂದು ವಾರದ ದಿನ, ಒಂದು ಶನಿವಾರ, ಒಂದು ಮಳೆಯ ದಿನ. ಊಟ ಕೈಯಲ್ಲಿದ್ದರೆ ಎಣಿಕೆ ಆಗುವುದಿಲ್ಲ, ಜನ ಊಟದ ಸುತ್ತ ಸೇರುತ್ತಾರೆ. ಎಣಿಸುವಾಗ ಕೇಳಿದ್ದು ಒಂದೇ ಪ್ರಶ್ನೆ: "ಒಲೆ ಐತಾ?" ಹೆಸರು, ಜಾತಿ, ಊರು, ಆಧಾರ್ ಯಾವುದೂ ಬೇಡ. ಈ ಒಂದು ಪ್ರಶ್ನೆಗೆ ಬಂದ ಉತ್ತರದಿಂದಲೇ ಜನ ಮೂರು ಗುಂಪಾಗಿ ಬೇರ್ಪಟ್ಟರು.

ಒಲೆಯೇ ಇಲ್ಲದವರು. ಜಗಲಿ, ಮೇಲ್ಸೇತುವೆ ಕೆಳಗೆ, ತರಕಾರಿ ಬುಟ್ಟಿಗಳ ನಡುವೆ ಮಲಗುವ ಒಂಟಿ ಗಂಡಸರು ಹೆಚ್ಚು. ವಯಸ್ಸಾದ ಹೆಂಗಸರು, ಚಿಂದಿ ಆಯುವವರು, ಕೆಲವರು ಮಾನಸಿಕ ಕಾಯಿಲೆಯವರು. ಇವರಿಗೆ ಬೇಯಿಸಿದ ಊಟವೇ ಬೇಕು, ಅದೂ ಆ ಹೊತ್ತಿಗೇ ತಿನ್ನುವಂಥದ್ದು.

ಊರಲ್ಲಿ ಒಲೆ ಇದ್ದು ಇಲ್ಲಿ ಇಲ್ಲದವರು. ವಿಕ್ಟೋರಿಯಾ, ವಾಣಿವಿಲಾಸ, ಮಿಂಟೋ ಆಸ್ಪತ್ರೆಗಳಿಗೆ ಬಂದ ರೋಗಿಗಳ ಕಡೆಯವರು. ಒಳಗೆ ರೋಗಿಗೆ ಊಟ ಬರುತ್ತದೆ, ಹೊರಗೆ ಟವೆಲ್ ಹಾಸಿ ಮಲಗಿದ ಅಪ್ಪ ಅಮ್ಮನಿಗೆ ಇಲ್ಲ. ಇವರು ಸಾಲಿನಲ್ಲಿ ನಿಲ್ಲಲು ಸಂಕೋಚಪಡುತ್ತಾರೆ. ಊರಲ್ಲಿ ಎರಡೆಕರೆ ಹೊಲ ಇರುವವರು ಬೀದಿಯಲ್ಲಿ ಕೈ ಚಾಚುವುದಿಲ್ಲ. ಊಟಕ್ಕಿಂತ ಹೆಚ್ಚಾಗಿ ಕೇಳುವುದು ಬಿಸಿನೀರು.

ಒಲೆ ಇರುವವರು, ಸಾಮಾನು ಇಲ್ಲದವರು. ಇವರು ಮಾರುಕಟ್ಟೆಯಲ್ಲಿ ಸಿಕ್ಕವರಲ್ಲ. ಹೂವಿನ ಕಸ ಎತ್ತಲು ಬಂದಿದ್ದ ಇಬ್ಬರು ಹೆಂಗಸರ ಮೂಲಕ ತಿಳಿದದ್ದು, ಕೆಂಗೇರಿ ಆಚೆಯ ತಗಡಿನ ಶೆಡ್ಡುಗಳಲ್ಲಿರುವ ಯಾದಗಿರಿ, ರಾಯಚೂರು ಕಡೆಯ ಗಾರೆ ಕೆಲಸದ ಕುಟುಂಬಗಳು. ಮಳೆಗೆ ಕೆಲಸ ನಿಂತರೆ, ಮೇಸ್ತ್ರಿ ಬಟವಾಡೆ ತಡಮಾಡಿದರೆ, ಮಗುವಿಗೆ ಜ್ವರ ಬಂದು ಒಬ್ಬರು ಕೂತರೆ ಒಲೆ ಹಚ್ಚಲು ಏನೂ ಇರುವುದಿಲ್ಲ. ಇವರಿಗೆ ಪಲಾವ್ ಪೊಟ್ಟಣ ಒಯ್ಯುವುದು ದಂಡ. ಬೇಕಾದದ್ದು ದಿನಸಿ.

ಮೂರು ಗುಂಪಿಗೂ ಒಂದೇ ಪೊಟ್ಟಣ ಸಾಕೆಂದುಕೊಂಡದ್ದೇ ಮೊದಲ ತಪ್ಪು. ಉಳಿದ ತಪ್ಪುಗಳೆಲ್ಲ ಅದರ ಬೆನ್ನಿಗೆ ಬಂದವು.

ಹೊತ್ತಿನ ಲೆಕ್ಕವೂ ಆ ಮೂರು ರಾತ್ರಿಯಲ್ಲೇ ಸಿಕ್ಕಿತು. ಒಂಬತ್ತಕ್ಕೆ ಮುಂಚೆ ಜಗಲಿ ಅಂಗಡಿಯವರದು; ಮಲಗುವವರು ಬಂದಿರುವುದಿಲ್ಲ, ಬಸ್ ಪ್ರಯಾಣಿಕರದೇ ಗುಂಪು. ಹತ್ತೂವರೆ ದಾಟಿದರೆ ಅರ್ಧ ಜನ ನಿದ್ದೆ, ಕೆಲವರು ಕುಡಿದಿರುತ್ತಾರೆ. ಮಲಗಿದವರನ್ನು ತಟ್ಟಿ ಎಬ್ಬಿಸಬಾರದು. ರಾತ್ರಿ ಬೀದಿಯಲ್ಲಿ ಮೈ ಮುಟ್ಟಿ ಎಬ್ಬಿಸುವವರು ಅವರ ಅನುಭವದಲ್ಲಿ ಕಳ್ಳರು ಅಥವಾ ಲಾಠಿ. ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಹೂವಿನ ಮಾರುಕಟ್ಟೆ ತುಂಬಿ, ಹಮಾಲಿಗಳು, ಚಿಂದಿ ಆಯುವವರು ಎದ್ದು ಹೋಗಿರುತ್ತಾರೆ. ಉಳಿಯುವುದು ಒಂಬತ್ತೂಕಾಲರಿಂದ ಹತ್ತೂಕಾಲರ ಒಂದು ಗಂಟೆ. ಇಡೀ ಅಡುಗೆಯನ್ನು ಈ ಗಂಟೆಯಿಂದ ಹಿಂದಕ್ಕೆ ಎಣಿಸಬೇಕಾಯಿತು.

ಪೊಟ್ಟಣ ಯಾಕೆ ಹಳಸಿತು

ಮೊದಲ ವಾರ ಅನ್ನ ಇಳಿದದ್ದು ನಾಲ್ಕೂವರೆಗೆ. ಐದೂವರೆಯೊಳಗೆ ಬಿಸಿಬಿಸಿಯಾಗಿಯೇ ಫಾಯಿಲ್ ಕವರಿಗೆ ತುಂಬಿ, ಬಾಯಿ ಮಡಚಿ, ಗೋಣಿಚೀಲಕ್ಕೆ ಒತ್ತಿದರು. ಬಿಸಿ ಇದ್ದರೆ ಕೆಡುವುದಿಲ್ಲ ಎಂಬ ನಂಬಿಕೆ. ಆಗುವುದು ತಿರುವುಮುರುವು. 400 ಗ್ರಾಮಿನ ಪೊಟ್ಟಣ ಬೇಗ 60 ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ. ಆದರೆ ಒಂದರ ಮೇಲೊಂದು ಒತ್ತಿದ್ದರಿಂದ ಪೂರ್ತಿ ತಣ್ಣಗಾಗದೆ, ಚೀಲದ ನಡುವಿನವು ಗಂಟೆಗಟ್ಟಲೆ ಉಗುರುಬೆಚ್ಚಗೇ ಇರುತ್ತವೆ. ರೋಗಾಣುಗಳಿಗೆ ಇದಕ್ಕಿಂತ ಒಳ್ಳೆಯ ಹಾಸಿಗೆ ಇಲ್ಲ. ಅಕ್ಕಿಯಲ್ಲಿ ಸಹಜವಾಗಿಯೇ ಇರುವ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣುವಿನ ಬೀಜಕಣಗಳು ಕುದಿಸಿದರೂ ಸಾಯುವುದಿಲ್ಲ. ಅನ್ನ ಬೆಚ್ಚಗೆ ಕೂತಾಗ ಅವು ಮೊಳೆತು, ವಾಂತಿ ತರಿಸುವ ವಿಷ ಬಿಡುತ್ತವೆ. ಮತ್ತೆ ಬಿಸಿಮಾಡಿದರೂ ಆ ವಿಷ ಹೋಗುವುದಿಲ್ಲ. ವಾಸನೆ ಬಂದರೆ ಗೊತ್ತಾಗುತ್ತದೆ ಎನ್ನುವುದೂ ತಪ್ಪು. ವಾಸನೆ ಬರುವ ಮೊದಲೇ ವಿಷ ಇರಬಹುದು. ಮನೆಯಲ್ಲಿರುವವರಿಗೆ ವಾಂತಿ ಆದರೆ ಬಚ್ಚಲುಮನೆ ಇದೆ. ಜಗಲಿಯಲ್ಲಿ ಮಲಗಿದ 65ರ ಮುದುಕನಿಗೆ ರಾತ್ರಿ ಎರಡು ಗಂಟೆಗೆ ವಾಂತಿ ಶುರುವಾದರೆ ಏನಿದೆ?

ಅದಕ್ಕೇ ಪೊಟ್ಟಣ ಬಿಟ್ಟು, ದೊಡ್ಡ ಬಿಸಿಡಬ್ಬಿಯಿಂದ ಸ್ಥಳದಲ್ಲೇ ತಟ್ಟೆಗೆ ಬಡಿಸುವ ಪದ್ಧತಿಗೆ ಬಂದರು. ಮದುವೆ ಮನೆಗಳಿಗೆ ಬಾಡಿಗೆಗೆ ಕೊಡುವ 25 ಲೀಟರಿನ, ಎರಡು ಪದರದ ಸ್ಟೀಲ್ ಡಬ್ಬಿ ಮೂರು. ಇದರಲ್ಲಿ ಎರಡು ಸೂಕ್ಷ್ಮ ಇದೆ. ಖಾಲಿ ಡಬ್ಬಿಗೆ ಮೊದಲು ಕುದಿಯುವ ನೀರು ಸುರಿದು ಹತ್ತು ನಿಮಿಷ ಮುಚ್ಚಿಟ್ಟು ಚೆಲ್ಲಬೇಕು; ಇಲ್ಲದಿದ್ದರೆ ತಣ್ಣನೆಯ ಡಬ್ಬಿಯೇ ಊಟದ ಬಿಸಿ ಹೀರುತ್ತದೆ. ಮತ್ತು ಡಬ್ಬಿ ಕಂಠದವರೆಗೆ ತುಂಬಿರಬೇಕು, ಅರ್ಧ ತುಂಬಿದ ಡಬ್ಬಿ ಬೇಗ ಆರುತ್ತದೆ. ಒಲೆಯಿಂದ ಇಳಿಸಿದ ಸಮಯವನ್ನು ಮುಚ್ಚಳದ ಮೇಲೆ ಮಾರ್ಕರಿನಲ್ಲಿ ಬರೆಯುವುದು, ಬಡಿಸುವ ಮೊದಲು ಚುಚ್ಚುವ ಥರ್ಮಾಮೀಟರಿನಲ್ಲಿ ನೋಡುವುದು ನಿಯಮ. 60ಕ್ಕಿಂತ ಮೇಲಿದ್ದರೆ ಬಡಿಸು. ಕೆಳಗೆ ಇಳಿದಿದ್ದರೆ ಇಳಿದ ಎರಡು ಗಂಟೆಯೊಳಗೆ ತಿಂದು ಮುಗಿಯಬೇಕು. ಒಲೆಯಿಂದ ಇಳಿಸಿ ನಾಲ್ಕು ಗಂಟೆ ದಾಟಿದ್ದು ಯಾರಿಗೂ ಇಲ್ಲ, ಬಳಗದವರ ಮನೆಗೂ ಇಲ್ಲ.

150 ಜನರ ಬಿಸಿಬೇಳೆಬಾತ್

ಪಲಾವ್ ಬಿಡಲು ಇನ್ನೊಂದು ಕಾರಣ ಹಲ್ಲು. ಎಣಿಕೆಯ ರಾತ್ರಿಗಳಲ್ಲಿ ಮುದುಕರು ಹೇಳಿದ್ದು ಹೆಚ್ಚುಕಡಿಮೆ ಒಂದೇ ಮಾತು: "ಅನ್ನ ಐತಪ್ಪ, ಅಗಿಯಕ್ಕೆ ಹಲ್ಲಿಲ್ಲ." ಆರಿದ ಪಲಾವ್, ಪುಳಿಯೋಗರೆ ಬಿರುಸಾಗುತ್ತದೆ. ಬಿಸಿಬೇಳೆಬಾತ್ ಮೆತ್ತಗಿರುತ್ತದೆ, ಬೇಳೆ ಇರುತ್ತದೆ, ಬಿಸಿ ಹೆಚ್ಚು ಹೊತ್ತು ಹಿಡಿಯುತ್ತದೆ. ತೆಂಗಿನಕಾಯಿ ಹಾಕಬಾರದು, ಬೇಗ ಕೆಡುವುದು ಅದೇ. ಚಟ್ನಿ, ಕೋಸಂಬರಿ, ಮೊಸರನ್ನ ಈ ಕೆಲಸಕ್ಕೆ ಬೇಡ.

ತಲಾ 450 ಗ್ರಾಂ ಅಂದರೆ 150 ಜನಕ್ಕೆ ಸುಮಾರು 67 ಕೆಜಿ ಬೆಂದ ಬಾತ್. ಅದಕ್ಕೆ:

ಅಕ್ಕಿ 9 ಕೆಜಿ (ಸೋನಾಮಸೂರಿ ನುಚ್ಚಾದರೂ ನಡೆಯುತ್ತದೆ, ಇನ್ನೂ ಮೆತ್ತಗೆ ಬೇಯುತ್ತದೆ)
ತೊಗರಿಬೇಳೆ 4.5 ಕೆಜಿ
ತರಕಾರಿ 9 ಕೆಜಿ: ಹುರುಳಿಕಾಯಿ 3, ಕ್ಯಾರೆಟ್ 3, ನವಿಲುಕೋಸು 2, ಬಟಾಣಿ 1
ಹುಣಸೆಹಣ್ಣು 750 ಗ್ರಾಂ, ಬೆಲ್ಲ 400 ಗ್ರಾಂ
ಬಾತ್ ಪುಡಿ 1 ಕೆಜಿ, ಖಾರ ಕಮ್ಮಿ ಇರುವುದು
ಉಪ್ಪು 600 ಗ್ರಾಂ ಮೊದಲು, ಕೊನೆಗೆ ರುಚಿ ನೋಡಿ 50 ಗ್ರಾಂ
ಎಣ್ಣೆ 1.5 ಲೀಟರ್, ಕಡಲೆಕಾಯಿ ಬೀಜ 1 ಕೆಜಿ, ಸಾಸಿವೆ, ಕರಿಬೇವು, ಇಂಗು
ನೀರು 48 ಲೀಟರ್, ಪಕ್ಕದಲ್ಲಿ ಕುದಿಯುವ ನೀರು ಇನ್ನೂ 6 ಲೀಟರ್

ಇದನ್ನು ಒಂದೇ ದೊಡ್ಡ ಪಾತ್ರೆಯಲ್ಲಿ ಮಾಡಲು ಹೋದರೆ ತಳ ಹಿಡಿಯುವುದು ಖಚಿತ. 67 ಕೆಜಿಯನ್ನು ಸಟ್ಟುಗದಿಂದ ಅಡಿ ಮುಟ್ಟಿ ತಿರುವಲು ರೂಢಿಯಿಲ್ಲದ ಕೈಗೆ ಆಗದು. ಒಂದು ಮೂಲೆ ಸೀದರೆ ಇಡೀ ಪಾತ್ರೆ ಸೀದ ವಾಸನೆ. 50 ಲೀಟರಿನ ಎರಡು ಡಬರಿ, ಎರಡು ಒಲೆ. 19 ಕೆಜಿಯ ವಾಣಿಜ್ಯ ಸಿಲಿಂಡರ್ ಒಂದರಲ್ಲಿ ಇಂಥ ನಾಲ್ಕು ಅಡುಗೆ ಆಗುತ್ತದೆ, ಮನೆಯ 14.2 ಕೆಜಿ ಸಿಲಿಂಡರನ್ನು ಇದಕ್ಕೆ ಬಳಸುವಂತಿಲ್ಲ, ಚಿಕ್ಕ ರೆಗ್ಯುಲೇಟರಿನಲ್ಲಿ ಉರಿಯೂ ಸಾಲದು.

ಬೇಳೆ ಐದೂಕಾಲಕ್ಕೆ ನೆನೆಸಿ, ಐದು ಮುಕ್ಕಾಲಿಗೆ ಒಲೆಗೆ. ಬೇಳೆ ಪೂರ್ತಿ ಕರಗುವ ಮೊದಲು ಹುಣಸೆರಸ ಹಾಕಿದರೆ ಮತ್ತೆ ಬೇಯುವುದಿಲ್ಲ. ಹೊಸಬರು ಮಾಡುವ ಸಾಮಾನ್ಯ ತಪ್ಪು ಇದು. ಆರೂ ಮುಕ್ಕಾಲಿಗೆ ಅಕ್ಕಿ, ತರಕಾರಿ. ಅಕ್ಕಿ ಮುಕ್ಕಾಲು ಬೆಂದ ಮೇಲೆ ಹುಳಿ, ಪುಡಿ, ಉಪ್ಪು, ಬೆಲ್ಲ. ಎಂಟಕ್ಕೆ ಒಗ್ಗರಣೆ, ಇಳಿಸುವುದು. ಇಳಿಸುವಾಗ ಬಾತ್ ಸಟ್ಟುಗದಿಂದ ಹರಿಯುವಷ್ಟು ತೆಳ್ಳಗಿರಬೇಕು. ಮನೆಯ ಅಂದಾಜಿಗೆ ಅದು ನೀರಾಯಿತು ಅನಿಸುತ್ತದೆ, ಆದರೆ ಒಂದು ಗಂಟೆ ಡಬ್ಬಿಯಲ್ಲಿ ಕೂತರೆ ಬೇಳೆ, ಅಕ್ಕಿ ನೀರು ಕುಡಿದು ಗಟ್ಟಿಯಾಗುತ್ತದೆ. ಮೀಸಲಿಟ್ಟ 6 ಲೀಟರ್ ಕುದಿಯುವ ನೀರು ಇದಕ್ಕೇ. ತಣ್ಣೀರು ಬೆರೆಸಿದರೆ ಬಿಸಿಯೂ ಹೋಯಿತು, ಭರವಸೆಯೂ ಹೋಯಿತು.

ಸೌಟಿನ ವಿಷಯ ಚಿಕ್ಕದಾಗಿ ಕಂಡರೂ ಜಗಳ ಅಲ್ಲೇ ಹುಟ್ಟುವುದು. ಬಡಿಸುವವರ ಕೈ ಮೊದಮೊದಲು ಧಾರಾಳ. ತಲಾ 600 ಗ್ರಾಂ ಬಿದ್ದರೆ 150 ಜನರ ಬಾತ್ 112 ಜನಕ್ಕೇ ಮುಗಿಯುತ್ತದೆ, ಉಳಿದ 38 ಜನ ಸಾಲಿನಲ್ಲಿ ನಿಂತು ಖಾಲಿ ಡಬ್ಬಿ ನೋಡುತ್ತಾರೆ. ಮನೆಯಲ್ಲೇ ತಕ್ಕಡಿಯಲ್ಲಿಟ್ಟು 225 ಗ್ರಾಂ ಹಿಡಿಯುವ ಸೌಟು ಆರಿಸಿಕೊಂಡು, ಎಲ್ಲರಿಗೂ ಎರಡೇ ಸೌಟು. ಎರಡನೇ ಸಲ ಬೇಕಾದವರಿಗೆ ಹತ್ತು ಗಂಟೆಯ ಮೇಲೆ, ಉಳಿದಿದ್ದರೆ.

ಜೊತೆಗೆ ಒಂದು ಬಾಳೆಹಣ್ಣು, ಸಿಪ್ಪೆ ತೆಗೆಯದ ಒಂದು ಬೇಯಿಸಿದ ಮೊಟ್ಟೆ. ಮೊಟ್ಟೆಗೆ ಬಳಗದಲ್ಲೇ ಇಬ್ಬರು ಹಿರಿಯರು ಒಪ್ಪಲಿಲ್ಲ. ಅನ್ನದಾನ ಅಂದರೆ ಸಾತ್ವಿಕ ಇರಬೇಕು ಎಂಬುದು ಅವರ ಮಾತು. ಕೊನೆಗೆ ಮೊಟ್ಟೆಯನ್ನು ಬೇರೆ ಮನೆಯಲ್ಲಿ ಬೇಯಿಸಿ, ಬೇರೆ ಬುಟ್ಟಿಯಲ್ಲಿ ತಂದು, "ಮೊಟ್ಟೆ ತಿಂತೀರಾ?" ಎಂದು ಕೇಳಿಯೇ ಕೈಗೆ ಕೊಡುವುದೆಂದಾಯಿತು. ಬೇಡವೆಂದವರಿಗೆ ಕಡಲೆಕಾಯಿ ಚಿಕ್ಕಿ. ನಮ್ಮ ಮಟ್ಟಿಗೆ ಮೊಟ್ಟೆ ಬಿಡಬಾರದು: ಕಮ್ಮಿ ದುಡ್ಡಿಗೆ ಆರು ಗ್ರಾಂ ಪ್ರೋಟೀನು, ದೇವರೇ ಕಟ್ಟಿಕೊಟ್ಟ ಪೊಟ್ಟಣ, ಬಡಿಸುವವರ ಕೈ ತಾಗುವುದಿಲ್ಲ.

ಬೆಳಿಗ್ಗೆಗೆ ಎತ್ತಿಟ್ಟುಕೊಳ್ಳುವ ಅಭ್ಯಾಸ ಬೈದರೆ ಹೋಗುವುದಿಲ್ಲ. ನಾಳೆ ಸಿಗುತ್ತದೋ ಇಲ್ಲವೋ ಎಂಬ ಭಯ ಇರುವವರು ಎತ್ತಿಡದೆ ಇನ್ನೇನು ಮಾಡುತ್ತಾರೆ? ಹಾಗಾಗಿ ಎತ್ತಿಡಲೆಂದೇ ಒಂದು ಬನ್ನು ಅಥವಾ ಚಿಕ್ಕಿ ಬೇರೆ ಕೊಟ್ಟು, ಬಾತನ್ನು ಮುಚ್ಚಳವಿಲ್ಲದ ಅಡಿಕೆ ಹಾಳೆ ತಟ್ಟೆಯಲ್ಲಿ ಬಡಿಸಿದರು. ತಟ್ಟೆಯ ಊಟವನ್ನು ಯಾರೂ ಚೀಲಕ್ಕೆ ಹಾಕುವುದಿಲ್ಲ. ಹಳಸಿದ ಅನ್ನದ ಸಮಸ್ಯೆ ಮುಕ್ಕಾಲುಪಾಲು ಕಡಿಮೆಯಾದದ್ದು ಇದರಿಂದ.

ಖರ್ಚು ಒಂದು ರಾತ್ರಿಗೆ 6,000 ರೂಪಾಯಿಯ ಆಸುಪಾಸು, ತಲಾ 40. ಇದರಲ್ಲಿ ಬಾತ್ ಮತ್ತು ಗ್ಯಾಸಿನ ಪಾಲು ಅರ್ಧ. ಇನ್ನರ್ಧ ಮೊಟ್ಟೆ, ಹಣ್ಣು, ತಟ್ಟೆ, ನೀರಿನ ಕ್ಯಾನು, ವ್ಯಾನಿನ ಡೀಸೆಲ್ಲು. ಮೊದಲ ಸಲ ಲೆಕ್ಕ ಹಾಕುವವರು ಅಕ್ಕಿ ಬೇಳೆಯನ್ನಷ್ಟೇ ಎಣಿಸಿ ಮೂರನೇ ವಾರಕ್ಕೆ ಕೈ ಖಾಲಿ ಮಾಡಿಕೊಳ್ಳುತ್ತಾರೆ.

ಸಾಲು, ನೀರು, ಕಸ

ವ್ಯಾನು ಈಗ ಬಸ್ ನಿಲ್ದಾಣದ ಮುಂದೆ ನಿಲ್ಲುವುದಿಲ್ಲ. ಒಂದು ಅಡ್ಡರಸ್ತೆಯಲ್ಲಿ, ಪ್ರತಿ ಭಾನುವಾರ ಅದೇ ಶಟರಿನ ಮುಂದೆ, ಅದೇ ಹೊತ್ತಿಗೆ. ಬೀಟ್ ಪೊಲೀಸರಿಗೆ, ಆ ಅಂಗಡಿಯವರಿಗೆ ಮೊದಲೇ ಹೇಳಿ ಒಪ್ಪಿಸಿದ ಜಾಗ. ಒಂಬತ್ತಕ್ಕೆ ಇಬ್ಬರು ನಡೆದುಕೊಂಡು ಸುತ್ತಿ, ಮಲಗುವ ಜಾಗಕ್ಕೆ ಬಂದವರಿಗೆ ಮಾತ್ರ ಚೀಟಿ ಕೊಡುತ್ತಾರೆ: 120 ಚೀಟಿ, ಉಳಿದ 30 ಊಟ ಮೀಸಲು. ಚೀಟಿಯ ಬಣ್ಣ ವಾರವಾರ ಬೇರೆ, ಇಲ್ಲದಿದ್ದರೆ ಹಳೆಯ ಚೀಟಿ ತಿರುಗಿ ಬರುತ್ತದೆ. ಮೊದಲ ಎರಡು ವಾರ ಚೀಟಿ ಇದ್ದೂ ನೂಕಾಟ ಆಯಿತು. ನಾಲ್ಕನೇ ವಾರದ ಹೊತ್ತಿಗೆ ತಾನಾಗಿ ಸಾಲು ನಿಂತಿತು, ಯಾಕೆಂದರೆ ಈ ವ್ಯಾನು ಬಂದೇ ಬರುತ್ತದೆ ಎಂದು ಅವರಿಗೆ ಗೊತ್ತಾಗಿತ್ತು. ನೂಕಾಟ ಹುಟ್ಟುವುದು ಹಸಿವಿನಿಂದ ಎಂದುಕೊಳ್ಳುತ್ತೇವೆ. ಹೆಚ್ಚಾಗಿ ಹುಟ್ಟುವುದು ಅನುಮಾನದಿಂದ.

ಸಾಲಿನಲ್ಲಿ ಕಾಣದವರೇ ಹೆಚ್ಚು ಕಷ್ಟದವರು. ಒಂಟಿ ಹೆಂಗಸರು ಗಂಡಸರ ಗುಂಪಿಗೆ ಬರುವುದಿಲ್ಲ. ಕಾಲಿಗೆ ಗಾಯವಾದವರು ಏಳುವುದಿಲ್ಲ. ತಮ್ಮಷ್ಟಕ್ಕೆ ಮಾತಾಡಿಕೊಳ್ಳುವವರನ್ನು ಸಾಲಿನವರೇ ಅಟ್ಟುತ್ತಾರೆ. ಮೀಸಲು 30ರಲ್ಲಿ 20 ಊಟವನ್ನು ಇಬ್ಬರು ಹೆಂಗಸರು ಕೈಯಲ್ಲಿ ಹಿಡಿದು ಅವರಿದ್ದಲ್ಲಿಗೇ ಹೋಗುತ್ತಾರೆ. ಉಳಿದ 10 ಆಸ್ಪತ್ರೆಯ ಬದಿಗೆ, ಜೊತೆಗೆ 10 ಲೀಟರಿನ ಫ್ಲಾಸ್ಕಿನಲ್ಲಿ ಬಿಸಿನೀರು. ಅಲ್ಲಿ ಸಾಲು ಇಲ್ಲ, ಚೀಟಿ ಇಲ್ಲ. "ಊಟ ಆಯ್ತಾ ಅಮ್ಮ?" ಎಂದು ಕೂತು ಕೇಳಿದರೆ ತೆಗೆದುಕೊಳ್ಳುತ್ತಾರೆ, ನಿಂತು ಕೊಟ್ಟರೆ ಇಲ್ಲ. 10 ಸಾಲುವುದಿಲ್ಲ ಎಂಬುದು ಬಳಗಕ್ಕೂ ಗೊತ್ತು.

20 ಲೀಟರಿನ ಕ್ಯಾನು ನಾಲ್ಕು: ಎರಡು ಕುಡಿಯಲು, ಎರಡು ಕೈ ತೊಳೆಯಲು. ಕೈ ತೊಳೆಯುವ ನೀರನ್ನು ಮರೆಯುವುದು ಸಾಮಾನ್ಯ. ಇಡೀ ದಿನ ಕಸ ಆಯ್ದ ಕೈಯಲ್ಲಿ ತಿಂದರೆ 60 ಡಿಗ್ರಿಯ ಲೆಕ್ಕವೆಲ್ಲ ನೀರಲ್ಲಿ ಹೋಮ. ತಟ್ಟೆಗಳನ್ನು ತಿಂದ ಜಾಗದಿಂದಲೇ ಸಂಗ್ರಹಿಸಿ, ಹಸಿ ಕಸದ ಚೀಲಕ್ಕೆ ಹಾಕಿ ವ್ಯಾನಿನಲ್ಲೇ ವಾಪಸ್. ಒಂದು ತಟ್ಟೆ ಜಗಲಿಯಲ್ಲಿ ಬಿಟ್ಟರೂ ಅದರ ಬೆಲೆ ತೆರುವವರು ಅಲ್ಲಿ ಮಲಗುವವರು.

ಫೋಟೊ ಇಲ್ಲ. ಹಣ ಕೊಟ್ಟವರಿಗೆ ಖಾಲಿ ಡಬ್ಬಿಯ ಚಿತ್ರ, ಖರ್ಚಿನ ಚೀಟಿ ಕಳಿಸಿದರೆ ಸಾಕು. ಮಗಳ ಹುಟ್ಟುಹಬ್ಬಕ್ಕೆ ಬ್ಯಾನರ್ ಕಟ್ಟಿ ಬಡಿಸಬೇಕೆಂದ ದಾನಿಯೊಬ್ಬರು ಇದನ್ನು ಕೇಳಿ ಹಿಂದೆ ಸರಿದರು. ಸರಿಯಲಿ.

ಛತ್ರದ ಕರೆ

ಒಂದು ತಿಂಗಳಾಗುವ ಹೊತ್ತಿಗೆ ಬಳಗದ ನಂಬರು ಕಲ್ಯಾಣ ಮಂಟಪಗಳಿಗೆ ತಲುಪುತ್ತದೆ. ಕರೆ ಬರುವುದು ಮಧ್ಯಾಹ್ನ ಮೂರೂವರೆಗೆ: "200 ಜನರ ಅಡುಗೆ ಉಳಿದಿದೆ, ಬೇಗ ಬನ್ನಿ." ಧಾರೆಯ ಊಟ ಹನ್ನೆರಡೂವರೆಗೆ, ಅನ್ನ ಬೆಂದದ್ದು ಹನ್ನೊಂದಕ್ಕೆ, ಪಲ್ಯ, ಕೋಸಂಬರಿ ಅದಕ್ಕೂ ಮುಂಚೆ. ಕರೆ ಬರುವಾಗಲೇ ಅನ್ನ ಬೆಂದು ನಾಲ್ಕೂವರೆ ಗಂಟೆ ಕಳೆದಿದೆ, ರಾತ್ರಿ ಬೀದಿಗೆ ತಲುಪುವಾಗ ಹತ್ತು ಗಂಟೆ ಕಳೆದಿರುತ್ತದೆ. ಉಳಿಕೆ ಆಹಾರದ ಹಂಚಿಕೆಗೆ ಆಹಾರ ಸುರಕ್ಷತಾ ಪ್ರಾಧಿಕಾರದ 2019ರ ನಿಯಮಗಳೇ ಇವೆ. ಉಳಿಕೆ ಆಹಾರ ಹಂಚುವ ಸಂಸ್ಥೆ ನೋಂದಣಿ ಮಾಡಿಸಿರಬೇಕು, ಏನು, ಯಾವಾಗ, ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂಬ ದಾಖಲೆ ಇಡಬೇಕು.

ಬಳಗ ಮಾಡಿಕೊಂಡ ಪದ್ಧತಿ: ಮದುವೆಯ ಹಿಂದಿನ ದಿನವೇ ಅಡುಗೆ ಭಟ್ಟರ ಜೊತೆ ಮಾತಾಡಿ, ಬಡಿಸುವ ಸಾಲಿಗೆ ಹೋಗದ, ಡಬರಿಯಲ್ಲೇ ಬಿಸಿಯಾಗಿರುವ ಅನ್ನ ಸಾಂಬಾರನ್ನು ಮಧ್ಯಾಹ್ನ ಎರಡರೊಳಗೆ ಎತ್ತಿ, ನೇರ ಪಾಲಿಕೆಯ ನಿರಾಶ್ರಿತರ ತಂಗುದಾಣಕ್ಕೆ ಒಯ್ದು ಅಲ್ಲೇ ಬಡಿಸುವುದು. ಚಿರೋಟಿ, ಲಾಡು, ಒಣ ಹೋಳಿಗೆ, ಹೆಚ್ಚದ ತರಕಾರಿ, ಹಣ್ಣು ಯಾವಾಗ ಕೊಟ್ಟರೂ ಸರಿ. ಮೊಸರನ್ನ, ಪಾಯಸ, ಚಟ್ನಿ, ಎಲೆಗೆ ಬಡಿಸಲು ಬಕೆಟ್ಟಿಗೆ ಹೋದದ್ದು ಬೇಡ. "ಚೆಲ್ಲಬೇಕಲ್ಲ ಸ್ವಾಮಿ, ಪಾಪ ಅಲ್ವಾ?" ಎಂದು ಬೇಸರಪಟ್ಟುಕೊಳ್ಳುತ್ತಾರೆ. ಚೆಲ್ಲುವ ಪಾಪವನ್ನು ಹಸಿದವನ ಹೊಟ್ಟೆಗೆ ದಾಟಿಸುವುದು ಪುಣ್ಯವಲ್ಲ ಎಂದು ನಯವಾಗಿ ಹೇಳುವ ಒಬ್ಬರು ಬಳಗದಲ್ಲಿ ಇರಲೇಬೇಕು.

ಶೆಡ್ಡಿನ ದಿನಸಿ

ಕೆಂಗೇರಿ ಆಚೆಯ 30 ಕುಟುಂಬಗಳಿಗೆ ಮೊದಲ ಸಲ ಒಯ್ದದ್ದು ಅಂಗಡಿಯವರು ಕಟ್ಟಿಕೊಟ್ಟ ಸಿದ್ಧ ಕಿಟ್: ಅಕ್ಕಿ, ತೊಗರಿಬೇಳೆ, ರವೆ, ಸಕ್ಕರೆ, ಬಿಸ್ಕತ್ತು. ಒಬ್ಬ ಹೆಂಗಸು ರವೆ ಪೊಟ್ಟಣ ವಾಪಸ್ ಕೊಟ್ಟಳು: "ಇದು ಬ್ಯಾಡ್ರೀ ಅಕ್ಕಾ, ಜ್ವಾಳದ ಹಿಟ್ಟು ಇದ್ರ ಕೊಡ್ರಿ." ಯಾದಗಿರಿಯ ಕುಟುಂಬಕ್ಕೆ ರೊಟ್ಟಿಯೇ ಊಟ, ಅನ್ನ ಆಮೇಲಿನದು. ತುಮಕೂರು, ಮಂಡ್ಯ ಕಡೆಯವರಾದರೆ ರಾಗಿ ಹಿಟ್ಟು. ಬಿಹಾರ, ಬಂಗಾಳದ ಹುಡುಗರ ಶೆಡ್ಡಿಗೆ ಗೋಧಿ ಹಿಟ್ಟು ಅಥವಾ ಅಕ್ಕಿ, ಆಲೂಗಡ್ಡೆ, ಸಾಸಿವೆ ಎಣ್ಣೆ. ಒಂದೇ ನಗರದ ಮೂರು ಶೆಡ್ಡಿಗೆ ಮೂರು ಕಿಟ್.

ಒಲೆಯೂ ಎಂಥದ್ದೆಂದು ನೋಡಬೇಕು. ಶೆಡ್ಡಿನಲ್ಲಿ ಕುಕ್ಕರ್ ಇಲ್ಲ, ಸೆಂಟ್ರಿಂಗಿನ ಮರದ ತುಂಡು ಉರಿಸುತ್ತಾರೆ, ಮಳೆಗಾಲದಲ್ಲಿ ಅದು ಹಸಿ. ತೊಗರಿಬೇಳೆ, ಹುರುಳಿ ಬೇಯಿಸಲು ಸೌದೆ ಸಾಲದು. ಬೇಗ ಬೇಯುವ ಹೆಸರುಬೇಳೆ ಹೆಚ್ಚು ಉಪಯೋಗ. ನಾಲ್ಕು ಜನರ ಕುಟುಂಬಕ್ಕೆ ಒಂದು ವಾರಕ್ಕೆ ನೆಲೆಗೊಂಡ ಲೆಕ್ಕ: ಅಕ್ಕಿ 5 ಕೆಜಿ, ಜೋಳದ ಹಿಟ್ಟು 5 ಕೆಜಿ, ಹೆಸರುಬೇಳೆ 1 ಕೆಜಿ, ತೊಗರಿಬೇಳೆ ಅರ್ಧ, ಶೇಂಗಾ ಅರ್ಧ, ಈರುಳ್ಳಿ 2 ಕೆಜಿ, ಎಣ್ಣೆ 1 ಲೀಟರ್, ಉಪ್ಪು 1 ಕೆಜಿ, ಬೆಲ್ಲ ಅರ್ಧ, ಖಾರದ ಪುಡಿ 200 ಗ್ರಾಂ, ಚಹಾಪುಡಿ 100 ಗ್ರಾಂ, ಮೈಸೋಪು, ಬಟ್ಟೆಸೋಪು ಎರಡೆರಡು. ತಲಾ ದಿನಕ್ಕೆ 350 ಗ್ರಾಂ ಧಾನ್ಯ ಎಂದು ಹಿಡಿದದ್ದು. ಜೋಳದ ಹಿಟ್ಟು ಆ ವಾರವೇ ಬೀಸಿದ್ದಾಗಿರಬೇಕು. ಹಳೆಯ ಹಿಟ್ಟಿನಲ್ಲಿ ಜಿಗುಟು ಹೋಗಿ ರೊಟ್ಟಿ ತಟ್ಟುವಾಗಲೇ ಹರಿಯುತ್ತದೆ, ಕಹಿಯೂ ಆಗುತ್ತದೆ. ಒಟ್ಟು ತೂಕ 17 ಕೆಜಿ ದಾಟುತ್ತದೆ, ಕಂಕುಳಲ್ಲಿ ಮಗು ಇರುವವಳು ಹೊರಲಾರಳು. ಎರಡು ಚೀಲ ಮಾಡಬೇಕು.

ಕೊಡುವ ದಿನ ಬಟವಾಡೆಯ ದಿನವಾಗಿರಬಾರದು. ಹೆಚ್ಚಿನ ಶೆಡ್ಡುಗಳಲ್ಲಿ ಬಟವಾಡೆ ವಾರದ ಕೊನೆಗೆ; ಕೈ ಬರಿದಾಗುವುದು ಬುಧವಾರ, ಗುರುವಾರ. ಮೇಸ್ತ್ರಿಯ ಕೈಗೆ ಒಟ್ಟಿಗೆ ಒಪ್ಪಿಸಿ ಬರುವುದು ಸುಲಭ, ಆದರೆ ಮಾಡಬಾರದು: ದಿನಸಿಯ ನೆಪದಲ್ಲಿ ಕೂಲಿ ಮುರಿದುಕೊಳ್ಳುವ ದಾರಿ ಅದು. ಹೆಂಗಸರ ಕೈಗೇ, ಮನೆಮನೆಗೆ.

ಇವರಲ್ಲಿ ಹೆಚ್ಚಿನವರಿಗೆ ಊರಲ್ಲಿ ಪಡಿತರ ಚೀಟಿ ಇದೆ. 2013ರ ಆಹಾರ ಭದ್ರತಾ ಕಾಯ್ದೆಯಡಿ ತಲಾ ತಿಂಗಳಿಗೆ 5 ಕೆಜಿ, ಅಂತ್ಯೋದಯ ಕುಟುಂಬಕ್ಕೆ 35 ಕೆಜಿ. ಚೀಟಿಗೆ ಆಧಾರ್ ಜೋಡಣೆಯಾಗಿದ್ದರೆ ಬೆಂಗಳೂರಿನ ನ್ಯಾಯಬೆಲೆ ಅಂಗಡಿಯಲ್ಲೂ ಬೆರಳೊತ್ತಿ ತೆಗೆದುಕೊಳ್ಳಬಹುದು, ಮೂಲ ಚೀಟಿ ಕೈಯಲ್ಲಿ ಇರಬೇಕೆಂದಿಲ್ಲ, ನಂಬರು ಸಾಕು. ಇದು ಶೆಡ್ಡಿನ ಅರ್ಧ ಜನಕ್ಕೆ ಗೊತ್ತಿರಲಿಲ್ಲ. ತೊಡಕು ಎರಡು: ಗಾರೆ ಕೆಲಸದಲ್ಲಿ ಬೆರಳಿನ ಗೆರೆ ಸವೆದು ಯಂತ್ರ ಒಪ್ಪುವುದಿಲ್ಲ, ಊರಲ್ಲಿರುವ ಅತ್ತೆ ಆ ತಿಂಗಳ ಪಾಲು ಆಗಲೇ ಎತ್ತಿರುತ್ತಾರೆ. ಬೆರಳನ್ನು ಸೋಪಿನಲ್ಲಿ ತೊಳೆದು ಒರೆಸಿ ಬೇರೆ ಬೆರಳಿನಿಂದ ಪ್ರಯತ್ನಿಸುವುದು ಮೊದಲನೆಯದಕ್ಕೆ ಎಷ್ಟೋ ಸಲ ಸಾಕಾಗುತ್ತದೆ. ಎರಡನೆಯದು ಮನೆಯವರೊಳಗಿನ ಮಾತುಕತೆ. ಇಬ್ಬರು ಬಿಡುವು ಮಾಡಿಕೊಂಡು ನ್ಯಾಯಬೆಲೆ ಅಂಗಡಿಗೆ ಜೊತೆಗೆ ಹೋಗಿ ಬಂದದ್ದು ಮೂರು ತಿಂಗಳ ಕಿಟ್ಟಿಗಿಂತ ಹೆಚ್ಚಿನ ಅಕ್ಕಿ ತಂದುಕೊಟ್ಟಿತು.

ಇಂದಿರಾ ಕ್ಯಾಂಟೀನನ್ನೂ ಹೀಗೇ ಬಳಸಿಕೊಳ್ಳಬಹುದು. 2017ರ ಆಗಸ್ಟಿನಲ್ಲಿ ಶುರುವಾದಾಗ ತಿಂಡಿಗೆ 5, ಊಟಕ್ಕೆ 10 ರೂಪಾಯಿ ಇಟ್ಟದ್ದು. ಅಷ್ಟೂ ಇಲ್ಲದವರು ಇದ್ದಾರೆ, ಇದ್ದೂ ಬಟ್ಟೆ ನೋಡಿ ಒಳಗೆ ಬಿಡುವುದಿಲ್ಲವೆಂದು ಹೆದರುವವರು ಇನ್ನೂ ಹೆಚ್ಚು. ಅವರ ಜೊತೆ ಸಾಲಿನಲ್ಲಿ ನಿಂತು ಒಂದೆರಡು ಸಲ ತಿಂದು ಬಂದರೆ ಆಮೇಲೆ ತಾವೇ ಹೋಗುತ್ತಾರೆ.

ಮಳೆ, ಹಬ್ಬ, ಪುಸ್ತಕ

ಏಪ್ರಿಲ್, ಮೇ ತಿಂಗಳ ಸಂಜೆ ಮಳೆಗೆ ಜನ ಚದುರಿ ಮೇಲ್ಸೇತುವೆ, ಮೆಟ್ರೊ ಕಂಬ, ಬಸ್ ನಿಲ್ದಾಣ ಸೇರುತ್ತಾರೆ. ಹಾಗಾಗಿ ಎಷ್ಟು ಅಡುಗೆ ಎಂಬ ತೀರ್ಮಾನ ಐದು ಗಂಟೆಗೆ, ಆಕಾಶ ನೋಡಿ: ಮಳೆಯಿದ್ದರೆ 110, ಉಳಿದದ್ದಕ್ಕೆ ಬನ್ನು ಬಾಳೆಹಣ್ಣು. ರಾಜ್ಯೋತ್ಸವದ ಹಿಂದೆಮುಂದೆ ಬಿದ್ದ ಭಾನುವಾರ ಬಾತ್ ಮಾಡುವುದೇ ಇಲ್ಲ, ಆ ಹಣ ಶೆಡ್ಡಿನ ದಿನಸಿಗೆ. ಆದರೆ ವ್ಯಾನು ಮಾತ್ರ ಬರುತ್ತದೆ, ಬಿಸಿನೀರು, ಚಿಕ್ಕಿ ತರುತ್ತದೆ. ಒಂದು ವಾರ ತಪ್ಪಿಸಿದರೆ ಮುಂದಿನ ವಾರ ಮತ್ತೆ ನೂಕಾಟ.

200 ಪುಟದ ಒಂದು ನೋಟ್‌ಬುಕ್ಕಿನಲ್ಲಿ ಆರು ಕಲಂ: ಇಳಿಸಿದ ಸಮಯ, ಬಡಿಸುವಾಗಿನ ಡಿಗ್ರಿ, ಎಷ್ಟು ಜನ, ಎಷ್ಟು ಉಳಿಯಿತು, ಯಾರಿಗೆ ಸಿಗಲಿಲ್ಲ, ಯಾರ ಆರೋಗ್ಯ ನೋಡಬೇಕು. ಕೊನೆಯ ಕಲಮ್ಮಿನ ಪಕ್ಕದಲ್ಲಿ ನಂಬರುಗಳು: ಆಂಬುಲೆನ್ಸಿಗೆ 108, ಒಂಟಿ ಮಕ್ಕಳು ಕಂಡರೆ 1098, ಹಿರಿಯರಿಗೆ 14567. ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ಫೋನು ಮಾಡುವ ಮೊದಲು ಆ ವ್ಯಕ್ತಿಯನ್ನೇ ಕೇಳಬೇಕು. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯ ಗಾಡಿ ಬಂದು ಹಿಡಿದೊಯ್ಯುತ್ತದೆ ಎಂಬ ಭಯ ಬೀದಿಯಲ್ಲಿ ಈಗಲೂ ಇದೆ. ಊಟದವರೇ ಹಿಡಿಸಿಕೊಟ್ಟರು ಎಂಬ ಸುದ್ದಿ ಹಬ್ಬಿದರೆ ಮುಂದಿನ ವಾರ ಜಗಲಿ ಖಾಲಿ.

"ಯಾರಿಗೆ ಸಿಗಲಿಲ್ಲ" ಕಲಮ್ಮಿನಲ್ಲಿ ಆರು ತಿಂಗಳಾದರೂ ಅಳಿಯದ ಒಂದು ಸಾಲಿದೆ. ಜಗಲಿಯ ತುದಿಯಲ್ಲಿ ಮಲಗುವ ಮೂರು ನಾಲ್ಕು ಹೆಂಗಸರು ಊಟ ತೆಗೆದುಕೊಳ್ಳುತ್ತಾರೆ, ನೀರಿನ ಲೋಟ ಮಾತ್ರ ಹಿಂದಕ್ಕೆ ಸರಿಸುತ್ತಾರೆ. ಹತ್ತಿರದ ಸಾರ್ವಜನಿಕ ಶೌಚಾಲಯಕ್ಕೆ ರಾತ್ರಿ ಹತ್ತಕ್ಕೆ ಬೀಗ ಬೀಳುತ್ತದೆ, ಬೆಳಿಗ್ಗೆ ಐದಕ್ಕೆ ತೆಗೆಯುತ್ತಾರೆ. ಅಲ್ಲಿಯವರೆಗೆ ಅವರು ನೀರು ಕುಡಿಯುವುದಿಲ್ಲ. ಬೀಗದ ಕೈ ಇರುವವನ ಜೊತೆ ಮಾತು ನಡೆದಿದೆ. ರಾತ್ರಿ ಪಾಳಿಗೆ ತಿಂಗಳಿಗೆ ಎಷ್ಟು ಕೊಡಬೇಕೆಂದು ಅವನು ಇನ್ನೂ ಹೇಳಿಲ್ಲ.